ತಿದ್ದುವ ಕೈ: ಮೊದಲ ಗೆರೆಯನ್ನು ಉಸ್ತಾದರು ಹೇಗೆ ನೋಡುತ್ತಿದ್ದರು?

ಕನ್ನಡದ ‘ತಿದ್ದು’ ಎಂಬ ಕ್ರಿಯಾಪದಕ್ಕೆ ಎರಡು ಅರ್ಥಗಳಿವೆ. ಗುರುಗಳು ಬರೆದುಕೊಟ್ಟ ಅಕ್ಷರದ ಮೇಲೆ ಮಗುವು ಮತ್ತೆ ಮತ್ತೆ ಕೈಯಾಡಿಸಿ ಕಲಿಯುವುದೂ ತಿದ್ದುವುದೇ. ಆ ಮಗುವಿನ ಬರಹದಲ್ಲಿರುವ ದೋಷವನ್ನು ಗುರುಗಳು ಸರಿಪಡಿಸುವುದೂ ತಿದ್ದುವುದೇ. ಶಿಷ್ಯನ ಅಭ್ಯಾಸಕ್ಕೂ ಗುರುವಿನ ಪರಿಶೀಲನೆಗೂ ಒಂದೇ ಪದ ಸಲ್ಲುತ್ತದೆ. ಇಸ್ಲಾಮೀ ನಾಗರಿಕತೆಯ ಲಿಪಿಕಲೆಯ ಇತಿಹಾಸವನ್ನು ಓದುವಾಗ ಈ ಪದವು ನಮಗೆ ಪದೇಪದೇ ನೆನಪಾಗುತ್ತದೆ. ಏಕೆಂದರೆ ಅಲ್ಲಿಯೂ ಈ ಎರಡು ಕಾರ್ಯಗಳು ಒಂದೇ ಹಾಳೆಯ ಮೇಲೆ, ಒಂದರ ಕೆಳಗೊಂದು ನಡೆಯುತ್ತಿದ್ದವು.

ಇಂದು ನಮ್ಮ ಮನೆಗಳ ಮಕ್ಕಳು ಲೋಯರ್ ಗ್ರೇಡ್ ಚಿತ್ರಕಲಾ ಪರೀಕ್ಷೆಗೆಂದು ನೇರ ಗೆರೆಗಳನ್ನೂ ಪೆಟ್ಟಿಗೆಗಳನ್ನೂ ದೂರಕ್ಕೆ ಸಾಗುವ ರಸ್ತೆಗಳನ್ನೂ ಬರೆಯುತ್ತಾರೆ. ಮದ್ರಸದಲ್ಲಿ ಅಲಿಫ್, ಬಾ ಬರೆಯುತ್ತಾರೆ. ಬರೆದ ಹಾಳೆಯನ್ನು ತಂದು ತೋರಿಸಿದಾಗ ಹಿರಿಯರ ಬಾಯಿಂದ ಸಾಮಾನ್ಯವಾಗಿ ಬರುವುದು ಎರಡೇ ಮಾತುಗಳು: ‘ಚೆನ್ನಾಗಿದೆ, ಹೋಗು’ ಅಥವಾ ‘ಇದೇನು ಗೀಚಿದ್ದೀಯಾ?’ ಈ ಎರಡರಿಂದಲೂ ಮುಂದಿನ ಗೆರೆಯನ್ನು ಹೇಗೆ ಎಳೆಯಬೇಕೆಂಬುದು ಮಗುವಿಗೆ ತಿಳಿಯುವುದಿಲ್ಲ. ಮೊದಲನೆಯ ಮಾತು ಅದನ್ನು ಇದ್ದಲ್ಲಿಯೇ ಬಿಡುತ್ತದೆ. ಎರಡನೆಯದು ಅದರ ಕೈಯಿಂದ ಪೆನ್ಸಿಲನ್ನೇ ಕಿತ್ತುಕೊಳ್ಳುತ್ತದೆ. ‘ನನಗೆ ಚಿತ್ರ ಬರುವುದಿಲ್ಲ’ ಎಂದು ಜೀವನವಿಡೀ ಹೇಳಿಕೊಳ್ಳುವ ಎಷ್ಟೋ ವಯಸ್ಕರು ಆ ತೀರ್ಪನ್ನು ಸ್ವತಃ ಕಂಡುಕೊಂಡವರಲ್ಲ. ಯಾರೋ ಹೇಳಿದ್ದನ್ನು ಅವರು ನಂಬಿಕೊಂಡಿದ್ದಾರೆ. ಇತಿಹಾಸದಲ್ಲಿ ಮೂರನೆಯ ದಾರಿಯೊಂದಿತ್ತು. ಅದನ್ನು ಸ್ವಲ್ಪ ವಿವರವಾಗಿ ನೋಡೋಣ.

ಗೆರೆಯನ್ನೆಳೆದು ಬೋಧಿಸುವ ಕ್ರಮವು ನಮಗೆ ಹೊಸತೇನಲ್ಲ. ಪ್ರವಾದಿ ಮುಹಮ್ಮದ್(ಸ)ರು ಒಮ್ಮೆ ಒಂದು ಚೌಕವನ್ನೂ, ಅದರ ನಡುವಿನಿಂದ ಹೊರಟು ಚೌಕದಾಚೆಗೆ ಚಾಚುವ ಒಂದು ಗೆರೆಯನ್ನೂ, ಆ ನಡುಗೆರೆಯ ಕಡೆಗೆ ಮುಖ ಮಾಡಿದ ಸಣ್ಣ ಸಣ್ಣ ಗೆರೆಗಳನ್ನೂ ಎಳೆದು, ಮನುಷ್ಯ, ಅವನನ್ನು ಸುತ್ತುವರಿದ ಮರಣ, ಅದನ್ನೂ ಮೀರಿ ಚಾಚುವ ಅವನ ಆಸೆ ಮತ್ತು ಎದುರಾಗುವ ಸಂಕಷ್ಟಗಳನ್ನು ವಿವರಿಸಿದರೆಂದು ಅಬ್ದುಲ್ಲಾ ಇಬ್ನು ಮಸ್‌ಊದ್(ರ)ರ ವರದಿಯೊಂದು ಸಹೀಹ್ ಬುಖಾರಿಯಲ್ಲಿದೆ. ತಿದ್ದುವ ಕ್ರಮಕ್ಕೂ ಹದೀಸ್ ಗ್ರಂಥಗಳಲ್ಲಿ ಪ್ರಸಿದ್ಧವಾದ ನಿದರ್ಶನವಿದೆ. ಮಸೀದಿಯಲ್ಲಿ ಅವಸರದಿಂದ ನಮಾಝ್ ಮಾಡಿದ ವ್ಯಕ್ತಿಯನ್ನು ಪ್ರವಾದಿ(ಸ)ರು ಮೂರು ಬಾರಿ ಮರಳಿ ಕಳುಹಿಸಿದರು. ತನಗೆ ಇದಕ್ಕಿಂತ ಚೆನ್ನಾಗಿ ಬರುವುದಿಲ್ಲ, ಕಲಿಸಿಕೊಡಿ ಎಂದು ಆತನೇ ಕೇಳಿಕೊಂಡಾಗ, ನಿಲ್ಲುವುದರಿಂದ ತೊಡಗಿ ಸುಜೂದ್‌ವರೆಗೆ ಒಂದೊಂದೇ ಹಂತವನ್ನು ಹೇಳಿಕೊಟ್ಟರು. ತಪ್ಪಿದೆಯೆಂಬುದನ್ನು ಮುಚ್ಚಿಡಲಿಲ್ಲ, ನಿಂದಿಸಲೂ ಇಲ್ಲ. ಮತ್ತೆ ಮಾಡುವ ಅವಕಾಶವಿತ್ತು. ಕೊನೆಗೆ ಅಳತೆಯೂ ದೊರೆಯಿತು. ಲಿಪಿಕಲೆಯ ಉಸ್ತಾದರು ಈ ಘಟನೆಯನ್ನು ಮುಂದಿಟ್ಟುಕೊಂಡೇ ತಮ್ಮ ಪದ್ಧತಿಯನ್ನು ರೂಪಿಸಿದರೆಂದು ನಾವು ವಾದಿಸುವುದಿಲ್ಲ. ಆದರೆ ಅವರು ಈ ವಾತಾವರಣದಲ್ಲಿ ಬೆಳೆದವರೆಂಬುದನ್ನು ಮರೆಯುವಂತಿಲ್ಲ.

ತಿದ್ದಲು ಮೊದಲು ಬೇಕಾದುದು ಅಳತೆ. ಅದನ್ನು ಒದಗಿಸಿದ ಕೀರ್ತಿಯನ್ನು ಪರಂಪರೆಯು ಬಗ್ದಾದಿನ ಇಬ್ನು ಮುಖ್ಲಾ ಅವರಿಗೆ ಸಲ್ಲಿಸುತ್ತದೆ. ಮೂವರು ಅಬ್ಬಾಸೀ ಖಲೀಫರ ವಝೀರರಾಗಿದ್ದ ಅವರು ರಾಜಕೀಯದ ಸುಳಿಗೆ ಸಿಕ್ಕಿ ಬಲಗೈಯನ್ನು ಕಳೆದುಕೊಂಡರು. ಕತ್ತರಿಸಲ್ಪಟ್ಟ ತೋಳಿಗೆ ಲೇಖನಿಯನ್ನು ಕಟ್ಟಿಕೊಂಡು ಬರೆಯುತ್ತಿದ್ದರೆಂದೂ ಚರಿತ್ರೆಕಾರರು ದಾಖಲಿಸಿದ್ದಾರೆ. ಕ್ರಿ.ಶ. 940ರಲ್ಲಿ ಸೆರೆಮನೆಯಲ್ಲಿ ನಿಧನರಾದ ಈ ವ್ಯಕ್ತಿ ಬಿಟ್ಟುಹೋದ ಅತಿ ದೊಡ್ಡ ಆಸ್ತಿಯೆಂದರೆ ಒಂದು ಚುಕ್ಕೆ.

ಕತ್ತರಿಸಿದ ಜೊಂಡಿನ ಲೇಖನಿಯ ಮೊನೆಯನ್ನು ಕಾಗದದ ಮೇಲೆ ಓರೆಯಾಗಿ ಒತ್ತಿ ಸ್ವಲ್ಪ ಎಳೆದರೆ ವಜ್ರಾಕೃತಿಯ ಒಂದು ಚುಕ್ಕೆ ಮೂಡುತ್ತದೆ. ಆ ಚುಕ್ಕೆಯೇ ಅಳತೆಗೋಲು. ಅಂತಹ ಇಂತಿಷ್ಟು ಚುಕ್ಕೆಗಳನ್ನು ಒಂದರ ಮೇಲೊಂದಿಟ್ಟರೆ ಅಲಿಫಿನ ಎತ್ತರ. ಸುಲುಸ್ ಶೈಲಿಯಲ್ಲಿ ಅದು ಸಾಮಾನ್ಯವಾಗಿ ಏಳು ಚುಕ್ಕೆ. ಅಲಿಫನ್ನು ವ್ಯಾಸವಾಗಿಟ್ಟುಕೊಂಡು ಒಂದು ವೃತ್ತವನ್ನೆಳೆದರೆ ಉಳಿದ ಅಕ್ಷರಗಳ ಬಾಗುಗಳು ಆ ವೃತ್ತದ ಅಂಶಗಳಾಗಿ ಸಿಗುತ್ತವೆ. ಇದನ್ನು ‘ಅಲ್ ಖತ್ತುಲ್ ಮನ್ಸೂಬ್’, ಅಂದರೆ ಪ್ರಮಾಣಬದ್ಧ ಲಿಪಿ ಎಂದು ಕರೆಯಲಾಯಿತು.

ಇದಕ್ಕೂ ಮುನ್ನ ಸುಂದರವಾದ ಬರಹವೇ ಇರಲಿಲ್ಲವೆಂದು ಭಾವಿಸಬಾರದು. ಕೂಫೀ ಲಿಪಿಯ ಪ್ರಾಚೀನ ಮುಸ್‌ಹಫ್‌ಗಳನ್ನು ಕಂಡವರು ಹಾಗೆ ಹೇಳಲಾರರು. ಆದರೆ ಕಲಿಯುವವನ ಪಾಲಿಗೆ ಚುಕ್ಕೆಯು ದೊಡ್ಡದೊಂದು ಬದಲಾವಣೆಯನ್ನು ತಂದಿತು. ‘ನಿನ್ನ ಅಲಿಫ್ ಚೆನ್ನಾಗಿಲ್ಲ’ ಎಂಬುದು ಅಭಿಪ್ರಾಯ. ‘ನಿನ್ನ ಅಲಿಫ್ ಎಂಟು ಚುಕ್ಕೆ ಎತ್ತರವಿದೆ, ಏಳಿರಬೇಕು’ ಎಂಬುದು ಮಾಹಿತಿ. ಮೊದಲನೆಯದನ್ನು ಶಿಷ್ಯನು ನುಂಗಿಕೊಳ್ಳಬೇಕು. ಎರಡನೆಯದನ್ನು ಅವನೇ ಎಣಿಸಿ ನೋಡಬಹುದು. ವಝೀರನ ಮಗನಿಗೂ ಕೂಲಿಯವನ ಮಗನಿಗೂ ಚುಕ್ಕೆ ಒಂದೇ. ಅದಲ್ಲದೆ ಆ ಚುಕ್ಕೆಯು ಶಿಷ್ಯನ ಲೇಖನಿಯಿಂದಲೇ ಹುಟ್ಟುವುದರಿಂದ, ದಪ್ಪ ಮೊನೆಯಿಂದ ಬರೆದವನನ್ನು ಸಣ್ಣ ಮೊನೆಯವನೊಂದಿಗೆ ಹೋಲಿಸುವ ಪ್ರಮೇಯವೇ ಬರುವುದಿಲ್ಲ. ಪ್ರತಿಯೊಬ್ಬನೂ ತನ್ನದೇ ಅಳತೆಗೋಲಿನಿಂದ ಅಳೆಯಲ್ಪಡುತ್ತಾನೆ.

ಇಬ್ನು ಮುಖ್ಲಾ ಅವರ ದಾರಿಯಲ್ಲಿ ಮುಂದೆ ಸಾಗಿದವರು ಕ್ರಿ.ಶ. 1022ರಲ್ಲಿ ನಿಧನರಾದ ಇಬ್ನುಲ್ ಬವ್ವಾಬ್. ‘ದ್ವಾರಪಾಲಕನ ಮಗ’ ಎಂದು ಆ ಹೆಸರಿನ ಅರ್ಥ. ಹಿಜರಿ 391ರಲ್ಲಿ ಬಗ್ದಾದಿನಲ್ಲಿ ಅವರು ಬರೆದ ಕುರ್‌ಆನ್ ಪ್ರತಿಯು ಇಂದು ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಅವರ ಬಳಿಕ ಯಾಖೂತ್ ಅಲ್ ಮುಸ್ತಅಸಿಮಿ ಅವರು ಲೇಖನಿಯ ಮೊನೆಯನ್ನು ಇನ್ನಷ್ಟು ಓರೆಯಾಗಿ ಕತ್ತರಿಸಿ ಗೆರೆಗೆ ಹೊಸ ಲಾವಣ್ಯವನ್ನು ತಂದರು. 1258ರಲ್ಲಿ ಮಂಗೋಲರು ಬಗ್ದಾದನ್ನು ಧ್ವಂಸಗೊಳಿಸಿದಾಗ ಅವರು ಮಿನಾರವೊಂದರಲ್ಲಿ ಆಶ್ರಯ ಪಡೆದು, ಕಾಗದವಿಲ್ಲದೆ ಬಟ್ಟೆಯ ಮೇಲೆ ಅಕ್ಷರಾಭ್ಯಾಸವನ್ನು ಮುಂದುವರಿಸಿದರೆಂಬ ಕಥೆಯಿದೆ. ಅಷ್ಟು ದೊಡ್ಡ ಉಸ್ತಾದರೂ ಅಂದು ಮಾಡುತ್ತಿದ್ದುದು ಅಭ್ಯಾಸ ಎಂಬುದು ಆ ಕಥೆಯಲ್ಲಿ ನಮಗೆ ಮುಖ್ಯವೆನಿಸುತ್ತದೆ.

ಈ ಅಭ್ಯಾಸಕ್ಕೆ ‘ಮಶ್ಖ್’ ಎಂದು ಹೆಸರು. ಉಸ್ಮಾನೀ ಸಾಮ್ರಾಜ್ಯದ ಇಸ್ತಾಂಬುಲ್‌ನಲ್ಲಿ ಇದು ಅತ್ಯಂತ ಅಚ್ಚುಕಟ್ಟಾದ ರೂಪವನ್ನು ತಾಳಿತು. ಪಾಠವು ಸಾಮಾನ್ಯವಾಗಿ ವಾರಕ್ಕೊಮ್ಮೆ. ಉಸ್ತಾದರು ಶಿಷ್ಯನ ಎದುರಿನಲ್ಲಿಯೇ ಒಂದು ಸಾಲನ್ನು ಬರೆಯುತ್ತಾರೆ. ಲೇಖನಿ ಎಲ್ಲಿ ತಿರುಗಿತು, ಎಲ್ಲಿ ಒತ್ತಡ ಕಡಿಮೆಯಾಯಿತು ಎಂಬುದನ್ನು ಶಿಷ್ಯನು ಪಕ್ಕದಲ್ಲಿ ಕುಳಿತು ನೋಡುತ್ತಾನೆ. ಆ ಸಾಲನ್ನು ಮನೆಗೊಯ್ದು ವಾರವಿಡೀ ಅನುಕರಿಸಿ ಬರೆದು, ಉತ್ತಮವೆನಿಸಿದ್ದನ್ನು ಮರಳಿ ತರುತ್ತಾನೆ. ಮೊದಲ ಪಾಠವು ಅಕ್ಷರಮಾಲೆಯಲ್ಲ, ಒಂದು ಪ್ರಾರ್ಥನೆ. ‘ರಬ್ಬಿ ಯಸ್ಸಿರ್’ ಎಂದು ಆರಂಭವಾಗುವ, ಕೆಲಸವನ್ನು ಸುಲಭಗೊಳಿಸಿ ಶುಭವಾಗಿ ಮುಗಿಸಿಕೊಡು ಎಂದು ಅಲ್ಲಾಹನಲ್ಲಿ ಬೇಡುವ ಸಾಲು. ಅದರಲ್ಲಿ ಕೂಡಕ್ಷರಗಳು ಹಲವಿರುವುದರಿಂದ ಹೊಸಬರಿಗೆ ಅದು ಸುಲಭವೇನಲ್ಲ. ಕೆಲವರಿಗೆ ಅದೊಂದೇ ಪಾಠಕ್ಕೆ ತಿಂಗಳುಗಳು ಹಿಡಿಯುತ್ತಿದ್ದವು. ಆನಂತರ ಒಂಟಿ ಅಕ್ಷರಗಳು, ಬಳಿಕ ಎರಡೆರಡನ್ನು ಕೂಡಿಸಿದವು, ಕೊನೆಗೆ ವಾಕ್ಯಗಳು.

ತಿದ್ದುವ ರೀತಿಯೇ ಇಲ್ಲಿ ಗಮನಾರ್ಹ. ಶಿಷ್ಯನು ತಂದ ಹಾಳೆಯಲ್ಲಿ ಉಸ್ತಾದರು ಯಾವುದನ್ನೂ ಹೊಡೆದುಹಾಕುವುದಿಲ್ಲ, ಅಳಿಸುವುದೂ ಇಲ್ಲ. ತಪ್ಪಿದ ಅಕ್ಷರದ ಕೆಳಗೆ, ಅನೇಕ ವೇಳೆ ಕೆಂಪು ಶಾಯಿಯಿಂದ, ಅದೇ ಅಕ್ಷರವನ್ನು ಸರಿಯಾಗಿ ಬರೆದು ತೋರಿಸುತ್ತಾರೆ. ಪಕ್ಕದಲ್ಲಿ ಅಳತೆಯ ಚುಕ್ಕೆಗಳನ್ನಿಡುತ್ತಾರೆ. ಬಾಗು ಎಲ್ಲಿಂದ ತೊಡಗಬೇಕೆಂಬುದಕ್ಕೆ ತೆಳುವಾದ ಒಂದು ಗೆರೆ. ಇದನ್ನು ತುರ್ಕಿಯಲ್ಲಿ ‘ಚಿಕರ್ತ್‌ಮಾ’ ಎನ್ನುತ್ತಾರೆ. ಹೀಗೆ ಶಿಷ್ಯನ ಕಪ್ಪು ಅಕ್ಷರವೂ ಗುರುವಿನ ಕೆಂಪು ಅಕ್ಷರವೂ ಒಂದೇ ಹಾಳೆಯಲ್ಲಿ ಉಳಿಯುತ್ತವೆ. ಎರಡರ ನಡುವಿನ ಅಂತರವೇ ಪಾಠ. ತಪ್ಪನ್ನು ಅಳಿಸಿಬಿಟ್ಟರೆ ಆ ಅಂತರವೂ ಅಳಿಸಿಹೋಗುತ್ತದೆ. ಪುಟವಿಡೀ ಕೆಂಪು ಗೀಟು ಹಾಕಿ, ಸರಿಯಾದುದು ಯಾವುದೆಂದು ಮಾತ್ರ ಎಲ್ಲಿಯೂ ಬರೆಯದ ಇಂದಿನ ಕೆಲವು ಉತ್ತರಪತ್ರಿಕೆಗಳನ್ನು ನೋಡಿದಾಗ, ಅದೇ ಬಣ್ಣದ ಶಾಯಿ ಎಷ್ಟು ಬೇರೆಯ ಕೆಲಸಕ್ಕೆ ಬಳಕೆಯಾಗುತ್ತಿದೆ ಎಂದು ನಮಗೆ ಆಶ್ಚರ್ಯವಾಗುತ್ತದೆ.

ಗೆರೆಯ ವಿಷಯದಲ್ಲಿ ಉಸ್ತಾದರು ನೋಡುತ್ತಿದ್ದ ಕೆಲವು ಅಂಶಗಳು ಇಂದಿನ ಚಿತ್ರಕಲಾ ಶಿಕ್ಷಕರಿಗೂ ಪರಿಚಿತವೇ. ಹೊಸಬನು ಉದ್ದನೆಯ ಗೆರೆಯನ್ನು ಹೆದರಿ ಹೆದರಿ, ತುಂಡು ತುಂಡಾಗಿ, ಕೂದಲು ಅಂಟಿಸಿದಂತೆ ಎಳೆಯುತ್ತಾನೆ. ಅಂತಹ ಗೆರೆ ದೂರದಿಂದ ನೇರವಾಗಿ ಕಂಡರೂ ಜೀವವಿಲ್ಲದ್ದು. ಅಲಿಫ್ ಒಂದೇ ಚಲನೆಯಲ್ಲಿ ಇಳಿಯಬೇಕು. ದೀರ್ಘವಾದ ಎಳೆತದ ಹೊತ್ತಿನಲ್ಲಿ ಲಿಪಿಕಾರರು ಉಸಿರನ್ನು ಹಿಡಿದುಕೊಳ್ಳುತ್ತಿದ್ದರು. ಗೆರೆ ನಡುಗಿದ್ದರೆ ಉಸ್ತಾದರು ಮೊದಲು ಲೇಖನಿಯ ಮೊನೆ ಹೇಗೆ ಕತ್ತರಿಸಲ್ಪಟ್ಟಿದೆ ಎಂದು ನೋಡುವುದು ರೂಢಿ. ದೋಷವು ಕೆಲವೊಮ್ಮೆ ಕೈಯಲ್ಲಿರದೆ ಉಪಕರಣದಲ್ಲಿರುತ್ತದೆ. ಸವೆದ ಪೆನ್ಸಿಲನ್ನು ಕೈಗೆ ಕೊಟ್ಟು ಗೆರೆ ಸರಿಯಿಲ್ಲವೆಂದು ಗದರುವ ಮುನ್ನ ಇದನ್ನು ನೆನೆಯಬಹುದು.

ಈ ಉಸ್ತಾದರ ಪೈಕಿ ಇಬ್ಬರನ್ನು ಹೆಸರಿಸದೆ ಮುಂದೆ ಹೋಗಲಾಗದು. ಅಮಾಸ್ಯಾದ ಶೇಖ್ ಹಮ್ದುಲ್ಲಾ (1436–1520) ಅವರು ಸುಲ್ತಾನ್ ಎರಡನೇ ಬಾಯಝೀದರ ಗುರುಗಳು. ಗುರು ಬರೆಯುವಾಗ ಸುಲ್ತಾನರೇ ಶಾಯಿಕುಡಿಕೆಯನ್ನು ಹಿಡಿದು ನಿಲ್ಲುತ್ತಿದ್ದರೆಂದು ಹೇಳಲಾಗುತ್ತದೆ. ಹದಿನೇಳನೇ ಶತಮಾನದ ಹಾಫಿಝ್ ಉಸ್ಮಾನ್ (1642–1698) ಅವರು ಸುಲ್ತಾನರಿಗೆ ಕಲಿಸುತ್ತಿದ್ದಂತೆಯೇ ವಾರದ ಒಂದು ದಿನವನ್ನು ಬಡ ಶಿಷ್ಯರಿಗಾಗಿಯೇ ಮೀಸಲಿಟ್ಟಿದ್ದರೆಂಬುದು ಪ್ರಸಿದ್ಧ. ಲಿಪಿಕಲೆಯ ಪಾಠಕ್ಕೆ ಶುಲ್ಕ ಪಡೆಯುವುದನ್ನು ಆ ಪರಂಪರೆಯು ಸರಿಯೆಂದು ಭಾವಿಸುತ್ತಿರಲಿಲ್ಲ. ವಿದ್ಯೆಯ ಝಕಾತ್ ವಿದ್ಯಾದಾನವೇ ಎಂಬುದು ಅವರ ನಿಲುವಾಗಿತ್ತು.

ವರ್ಷಗಳ ತಿದ್ದುವಿಕೆಯ ಬಳಿಕ ಶಿಷ್ಯನು ಹಿಂದಿನ ಮಹಾನ್ ಲಿಪಿಕಾರರೊಬ್ಬರ ಕೃತಿಯನ್ನು ಅನುಕರಿಸಿ ಬರೆದೊಪ್ಪಿಸುತ್ತಾನೆ. ಉಸ್ತಾದರು ಒಪ್ಪಿದರೆ ಅದೇ ಹಾಳೆಯಲ್ಲಿ, ಅವನ ಬರಹದ ಕೆಳಗೆ, ‘ಇಜಾಝತ್’ ಎಂಬ ಅನುಮತಿಯನ್ನು ಬರೆಯುತ್ತಾರೆ. ಅಲ್ಲಿಯವರೆಗೆ ಶಿಷ್ಯನು ತನ್ನ ಕೃತಿಗೆ ಸಹಿ ಹಾಕುವಂತಿಲ್ಲ. ಮೊದಲ ದಿನ ತಿದ್ದುಗೆರೆ ಬಿದ್ದ ಜಾಗದಲ್ಲಿಯೇ ಕೊನೆಯ ದಿನ ಅನುಮತಿಯ ಸಾಲು ಬೀಳುತ್ತದೆ. ಎರಡನ್ನೂ ಬರೆಯುವ ಕೈ ಒಂದೇ.

ಇರಾನಿನ ನಸ್ತಾಲೀಖ್ ಪರಂಪರೆಯು ಇದಕ್ಕೆ ಇನ್ನೊಂದು ಸೂಕ್ಷ್ಮವನ್ನು ಸೇರಿಸಿತು. ಹದಿನಾರನೇ ಶತಮಾನದ ಬಾಬಾ ಶಾಹ್ ಇಸ್ಫಹಾನಿ ಅವರು ‘ಆದಾಬುಲ್ ಮಶ್ಖ್’ ಎಂಬ ಕೃತಿಯಲ್ಲಿ ಅಭ್ಯಾಸವನ್ನು ಮೂರಾಗಿ ವಿಂಗಡಿಸಿದ್ದಾರೆ. ಮೊದಲನೆಯದು ‘ನಝರೀ’, ಅಂದರೆ ಬರೆಯದೆ ಕೇವಲ ನೋಡುವ ಅಭ್ಯಾಸ. ಎರಡನೆಯದು ‘ಖಲಮೀ’, ಲೇಖನಿ ಹಿಡಿದು ಅನುಕರಿಸುವುದು. ಮೂರನೆಯದು ‘ಖಿಯಾಲೀ’, ಮಾದರಿಯಿಲ್ಲದೆ ಕಲ್ಪನೆಯಿಂದ ಬರೆಯುವುದು. ನೋಡುವುದನ್ನೂ ಅಭ್ಯಾಸವೆಂದು ಎಣಿಸಿರುವುದು ಇಲ್ಲಿ ವಿಶೇಷ. ಹೊಸಬನ ತಪ್ಪು ಎಷ್ಟೋ ಬಾರಿ ಕೈಯದ್ದಲ್ಲ, ಕಣ್ಣಿನದ್ದು.

ಕಣ್ಣಿನ ಮಾತು ಬಂದಾಗ ನಾವು ಬಸ್ರಾದಲ್ಲಿ ಸುಮಾರು 965ರಲ್ಲಿ ಜನಿಸಿ ಕೈರೋದಲ್ಲಿ ಬದುಕಿದ ಇಬ್ನುಲ್ ಹೈಸಮ್ ಅವರ ಬಳಿಗೆ ಹೋಗಲೇಬೇಕು. ಅವರು ಚಿತ್ರಕಾರರಲ್ಲ, ಚಿತ್ರ ಕಲಿಸುವುದು ಅವರ ಉದ್ದೇಶವೂ ಆಗಿರಲಿಲ್ಲ. ಆದರೂ ಏಳು ಸಂಪುಟಗಳ ‘ಕಿತಾಬುಲ್ ಮನಾಝಿರ್’ ಗ್ರಂಥದಲ್ಲಿ ಅವರು ಹೇಳಿರುವ ವಿಷಯವು, ಪೆಟ್ಟಿಗೆಯ ಚಿತ್ರವನ್ನು ತಪ್ಪಾಗಿ ಬರೆದ ಮಗುವಿನ ಪರವಾಗಿ ಮಂಡಿಸಬಹುದಾದ ಅತ್ಯುತ್ತಮ ವಾದವೆಂದು ನಮಗೆ ಅನಿಸುತ್ತದೆ.

ಕಣ್ಣಿನಿಂದ ಕಿರಣಗಳು ಹೊರಟು ವಸ್ತುವನ್ನು ಮುಟ್ಟುತ್ತವೆ ಎಂಬ ಹಳೆಯ ಅಭಿಪ್ರಾಯವನ್ನು ತಳ್ಳಿಹಾಕಿ, ವಸ್ತುವಿನಿಂದ ಬೆಳಕು ಕಣ್ಣಿಗೆ ಬರುತ್ತದೆಂದು ಅವರು ತೋರಿಸಿದ್ದು ಬಹುಮಂದಿಗೆ ತಿಳಿದಿದೆ. ಅಷ್ಟೇ ಮಹತ್ವದ ಇನ್ನೊಂದು ಮಾತಿದೆ. ನಾವು ನೋಡುವ ಗುಣಗಳನ್ನು ಅವರು 22 ಎಂದು ಎಣಿಸುತ್ತಾರೆ. ಅವುಗಳಲ್ಲಿ ಬೆಳಕು ಮತ್ತು ಬಣ್ಣ ಮಾತ್ರ ಶುದ್ಧ ಇಂದ್ರಿಯಾನುಭವಕ್ಕೆ ಸಿಗುವಂಥವು. ದೂರ, ಗಾತ್ರ, ಆಕಾರ ಮುಂತಾದುವನ್ನು ಮನಸ್ಸು ತೀರ್ಮಾನಿಸುತ್ತದೆ. ಆ ತೀರ್ಮಾನವು ಎಷ್ಟು ವೇಗವಾಗಿ ನಡೆಯುತ್ತದೆಂದರೆ, ತೀರ್ಮಾನಿಸಿದೆವೆಂಬುದೇ ನಮ್ಮ ಅರಿವಿಗೆ ಬರುವುದಿಲ್ಲ. ಎದುರಿಗಿದ್ದ ವ್ಯಕ್ತಿ ಎರಡರಷ್ಟು ದೂರ ಸರಿದರೆ ಕಣ್ಣಿನಲ್ಲಿ ಅವನು ಒಳಗೊಳ್ಳುವ ಕೋನವು ಸುಮಾರು ಅರ್ಧವಾಗುತ್ತದೆ. ಆದರೆ ಅವನು ಅರ್ಧ ಗಾತ್ರಕ್ಕೆ ಕುಗ್ಗಿದನೆಂದು ಯಾರಿಗೂ ಅನಿಸುವುದಿಲ್ಲ. ಮನಸ್ಸು ಕೋನದೊಂದಿಗೆ ದೂರವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಗಾತ್ರವನ್ನು ತಿಳಿಯುತ್ತದೆ.

ಮಗುವು ಪೆಟ್ಟಿಗೆಯನ್ನು ಬರೆಯುವಾಗ ಹಿಂದಿನ ಅಂಚನ್ನು ಮುಂದಿನಷ್ಟೇ ಉದ್ದವಾಗಿ ಬರೆಯುತ್ತದೆ. ಮೇಜಿನ ನಾಲ್ಕೂ ಕಾಲುಗಳನ್ನು ಒಂದೇ ಉದ್ದಕ್ಕೆ ಎಳೆಯುತ್ತದೆ. ರಸ್ತೆಯ ಎರಡು ಬದಿಗಳು ದೂರದಲ್ಲಿ ಕೂಡಲು ಬಿಡುವುದಿಲ್ಲ. ಏಕೆಂದರೆ ಅವು ನಿಜವಾಗಿ ಸಮಾನವೆಂದು ಅದಕ್ಕೆ ಗೊತ್ತಿದೆ! ಅದು ಬರೆದಿರುವುದು ತಿಳಿದದ್ದನ್ನು; ಪರ್ಸ್‌ಪೆಕ್ಟಿವ್ ಎಂದು ಶಿಕ್ಷಕರು ಕರೆಯುವ ದೂರ-ಸಮೀಪದ ಚಿತ್ರಣವು ಕೇಳುತ್ತಿರುವುದು ಕಣ್ಣಿಗೆ ಬಿದ್ದ ಕೋನವನ್ನು. ಇದು ಬುದ್ಧಿಯ ಕೊರತೆಯಲ್ಲ. ಬುದ್ಧಿಯು ಅತಿ ಚುರುಕಾಗಿ ಕೆಲಸ ಮಾಡಿದ್ದರ ಫಲ. ಹೀಗಿರುವಾಗ ‘ಸರಿಯಾಗಿ ನೋಡು’ ಎಂದು ಗದರುವುದರಿಂದ ಏನೂ ಆಗದು. ಮಗುವು ಸರಿಯಾಗಿಯೇ ನೋಡಿದೆ.

ಇಲ್ಲಿಯೂ ಬೇಕಾಗಿರುವುದು ಚುಕ್ಕೆಯಂತಹ ಒಂದು ಅಳತೆ. ನಮ್ಮ ಕಣ್ಣಿನ ಎತ್ತರದಲ್ಲಿ ಅಡ್ಡಲಾಗಿ ಒಂದು ಗೆರೆ. ನಮ್ಮಿಂದ ದೂರ ಸರಿಯುವ, ನೆಲಕ್ಕೆ ಸಮತಲವಾಗಿರುವ ಸಮಾನಾಂತರ ಅಂಚುಗಳೆಲ್ಲ ಆ ಗೆರೆಯ ಮೇಲಿನ ಒಂದೇ ಬಿಂದುವಿನಲ್ಲಿ ಕೂಡಬೇಕು. ಮಗುವಿನ ಚಿತ್ರದ ಅಂಚುಗಳನ್ನು ಸ್ಕೇಲ್ ಇಟ್ಟು ಬೇರೆ ಬಣ್ಣದಲ್ಲಿ ತೆಳುವಾಗಿ ಮುಂದುವರಿಸಿದರೆ ಸಾಕು. ಕೂಡಿದರೆ ಸರಿ, ಒಂದು ಮೇಲಕ್ಕೂ ಇನ್ನೊಂದು ಕೆಳಕ್ಕೂ ಚದುರಿದರೆ ಯಾವ ಅಂಚು ಎಷ್ಟು ತಪ್ಪಿದೆಯೆಂದು ಮಗುವಿಗೇ ಕಾಣುತ್ತದೆ. ಏನನ್ನೂ ಅಳಿಸಬೇಕಿಲ್ಲ, ದನಿಯನ್ನೂ ಎತ್ತಬೇಕಿಲ್ಲ. ಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆಯನ್ನು ಬರೆದು ತೋರಿಸಿದರೆ ಅದೇ ಚಿಕರ್ತ್‌ಮಾ.

ಇಬ್ನುಲ್ ಹೈಸಮ್‌ರ ಗ್ರಂಥವು ಸುಮಾರು 1200ರ ವೇಳೆಗೆ ಲ್ಯಾಟಿನ್ ಭಾಷೆಗೂ, ಹದಿನಾಲ್ಕನೇ ಶತಮಾನದಲ್ಲಿ ಇಟಾಲಿಯನ್ ಭಾಷೆಗೂ ಹೋಯಿತು. ಫ್ಲಾರೆನ್ಸ್ ನಗರದ ಶಿಲ್ಪಿ ಗಿಬರ್ಟಿ ತನ್ನ ಟಿಪ್ಪಣಿಗಳಲ್ಲಿ ಅದರಿಂದ ಧಾರಾಳವಾಗಿ ಎತ್ತಿಕೊಂಡಿದ್ದಾನೆ. ಅದೇ ನಗರದಲ್ಲಿ ಬ್ರುನೆಲ್ಲೆಸ್ಕಿ ಪ್ರಯೋಗದಿಂದಲೂ, 1435ರಲ್ಲಿ ಆಲ್ಬರ್ಟಿ ಗ್ರಂಥರೂಪದಲ್ಲಿಯೂ ಚಿತ್ರಕಾರರಿಗೆ ಈ ನಿಯಮಗಳನ್ನು ಒದಗಿಸಿದರು. ನಿಯಮವನ್ನು ಕಂಡುಹಿಡಿದವರು ಅವರೇ. ದೃಷ್ಟಿವಿಜ್ಞಾನದ ಬುನಾದಿಯಲ್ಲಿ ಮಾತ್ರ ಬಸ್ರಾದ ವಿದ್ವಾಂಸರ ಪಾಲಿದೆ. ಎಲ್ಲವನ್ನೂ ನಾವೇ ಕಂಡುಹಿಡಿದೆವೆಂದು ಹೇಳಿಕೊಳ್ಳುವ ಚಾಳಿ ನಮ್ಮಲ್ಲಿ ಕೆಲವರಿಗಿದೆ. ಟಾಲೆಮಿಯ ದೋಷಗಳನ್ನು ಪಟ್ಟಿಮಾಡಿದ ಪುಸ್ತಕದಲ್ಲಿ, ಸತ್ಯಾನ್ವೇಷಕನು ತನ್ನನ್ನೂ ಸಂಶಯಿಸಬೇಕೆಂದು ಬರೆದ ಇಬ್ನುಲ್ ಹೈಸಮ್ ಅದನ್ನು ಮೆಚ್ಚುತ್ತಿರಲಿಲ್ಲ. ಮುಂದೆ 1795ರಲ್ಲಿ ಇಸ್ತಾಂಬುಲ್‌ನಲ್ಲಿ ಭೂಸೇನೆಯ ಇಂಜಿನಿಯರಿಂಗ್ ಶಾಲೆ ಸ್ಥಾಪನೆಯಾದಾಗ, ಕೋಟೆ ಮತ್ತು ಭೂಪಟಗಳ ಅಗತ್ಯಕ್ಕಾಗಿ ಈ ರೇಖಾವಿದ್ಯೆಯು ಉಸ್ಮಾನೀ ಪಠ್ಯಕ್ರಮದೊಳಗೆ ಬಂತು.

ಹಿಂದೂಸ್ತಾನದ ಕಥೆ ಬೇರೆ. ಜೀವಿಗಳ ಚಿತ್ರಣದ ಬಗ್ಗೆ ಫಿಕ್‌ಹ್ ವಿದ್ವಾಂಸರ ಅಭಿಪ್ರಾಯಗಳು ಓದುಗರಿಗೆ ತಿಳಿದೇ ಇವೆ. ಆ ಚರ್ಚೆಗೆ ನಾವಿಲ್ಲಿ ಇಳಿಯುವುದಿಲ್ಲ. ಕಲಿಸುವ ಕ್ರಮವನ್ನಷ್ಟೇ ಗಮನಿಸೋಣ. ಅಕ್ಬರನ ಚಿತ್ರಶಾಲೆಯಲ್ಲಿ ಕಲಾವಿದರ ಕೆಲಸವನ್ನು ಪ್ರತಿ ವಾರ ಬಾದಶಹನ ಮುಂದಿಡಲಾಗುತ್ತಿತ್ತೆಂದು ‘ಆಈನೆ ಅಕ್ಬರಿ’ ದಾಖಲಿಸುತ್ತದೆ. ಗೋಡೆಗಳ ಮೇಲೆ ಚಿತ್ರ ಬರೆಯುತ್ತಿದ್ದ ಪಲ್ಲಕ್ಕಿ ಹೊರುವವನ ಮಗ ದಸ್ವಂತನು ಅಕ್ಬರನ ಕಣ್ಣಿಗೆ ಬಿದ್ದು, ಉಸ್ತಾದ್ ಅಬ್ದುಸ್ಸಮದರ ಕೈಗೆ ಒಪ್ಪಿಸಲ್ಪಟ್ಟನು. ಯುರೋಪಿನ ಮುದ್ರಿತ ಚಿತ್ರಗಳು ಅಲ್ಲಿಗೆ ತಲುಪಿದಾಗ ಎಳೆಯರು ಅವುಗಳನ್ನೂ ಮಶ್ಖ್‌ನಂತೆಯೇ ಅನುಕರಿಸಿದರು. 1600ರಲ್ಲಿ ಹದಿಮೂರರ ಹರೆಯದ ಅಬುಲ್ ಹಸನ್, ಜರ್ಮನಿಯ ಡ್ಯೂರರ್‌ನ ಕೆತ್ತನೆಯೊಂದನ್ನು ನೋಡಿ ಬರೆದ ರೇಖಾಚಿತ್ರವು ಆಕ್ಸ್‌ಫರ್ಡ್‌ನ ಆಶ್‌ಮೋಲಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಬೆಳೆದ ಮೇಲೆ ಆತನಿಗೆ ‘ನಾದಿರುಝ್ಝಮಾನ್’ ಎಂಬ ಬಿರುದನ್ನಿತ್ತ ಜಹಾಂಗೀರನು, ಆ ಹುಡುಗನನ್ನು ಎಳವೆಯಿಂದಲೇ ತಾನು ಗಮನಿಸುತ್ತಾ ಬಂದುದನ್ನು ತನ್ನ ಆತ್ಮಕಥೆಯಲ್ಲಿ ಸ್ಮರಿಸಿದ್ದಾನೆ. ಬಿರುದಿಗಿಂತ ಆ ಗಮನವೇ ದೊಡ್ಡದೆಂದು ನಮ್ಮ ಅನಿಸಿಕೆ.

ನಮ್ಮ ನಾಡಿಗೂ ಈ ಪರಂಪರೆ ಬಂದಿತ್ತು. ಇರಾನಿನಿಂದ ಬಿಜಾಪುರಕ್ಕೆ ಬಂದ ಲಿಪಿಕಾರ ಖಲೀಲುಲ್ಲಾ ಅವರಿಗೆ ಎರಡನೇ ಇಬ್ರಾಹೀಮ್ ಆದಿಲ್ ಶಾಹರು ‘ಲೇಖನಿಯ ಬಾದಶಹ’ ಎಂಬ ಬಿರುದನ್ನು ನೀಡಿ ಗೌರವಿಸಿದರು. ಆ ಸುಲ್ತಾನರ ಸಮಾಧಿಯಿರುವ ಇಬ್ರಾಹೀಮ್ ರೌಝಾದ ಹೊರಗೋಡೆಗಳು ಅರಬೀ ಲಿಪಿಯಿಂದ ತುಂಬಿವೆ. ಅಲ್ಲಿನ ಕಿಟಕಿಗಳಲ್ಲಿ ಅಕ್ಷರಗಳನ್ನೇ ಕಲ್ಲಿನ ಜಾಲರಿಯಾಗಿ ಕೊರೆಯಲಾಗಿದ್ದು, ಬೆಳಕು ಅವುಗಳ ಸಂದಿನಿಂದ ಒಳಕ್ಕೆ ಹಾಯುತ್ತದೆ. ವಿಜಯಪುರಕ್ಕೆ ಹೋಗುವ ಕುಟುಂಬಗಳು ಸಾಮಾನ್ಯವಾಗಿ ಗೋಲಗುಮ್ಮಟದ ಪ್ರತಿಧ್ವನಿಯನ್ನು ಕೇಳಿ ಮರಳುತ್ತವೆ. ಸಮಯವಿದ್ದರೆ ಮಕ್ಕಳನ್ನು ರೌಝಾದ ಗೋಡೆಯ ಮುಂದೆಯೂ ನಿಲ್ಲಿಸಿ, ಕೈಗೊಂದು ಹಾಳೆ ಮತ್ತು ಪೆನ್ಸಿಲ್ ಕೊಡಬಹುದು. ಅಲಿಫಿನ ದಪ್ಪವನ್ನು ಕಣ್ಣಳತೆಯಲ್ಲಿ ಒಂದು ಚುಕ್ಕೆಯೆಂದಿಟ್ಟುಕೊಂಡು, ಅದರ ಎತ್ತರ ಎಷ್ಟು ಚುಕ್ಕೆಗಳಾಗುತ್ತದೆಂದು ಅವರೇ ಎಣಿಸಲಿ.